ಮಂಜಿಗೆ ಬೆಕ್ಕು ಕೊಡುವ ಅಪ್ಪಿ

ಬೆಳಕು ಹರಿಯುತ್ತಿದೆ. ಮಂಗಳೂರು ಬಂದರಿನ ಅಕ್ಕಿ ಗೋದಾಮಿನ ಬಾಗಿಲು ಈಗಷ್ಟೇ ತೆರೆದಿದೆ. ಗುಡಿಸುವ ಕೆಲಸದ ಅಪ್ಪಿ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಮೂಟೆಗಳ ಹಿಂದಿರುವ ಹಳೇ ಗೋಣಿಯೊಳಗೆ ಕೈ ಹಾಕುತ್ತಾರೆ. ಅಲ್ಲಿ ಎರಡು ಬೆಕ್ಕಿನ ಮರಿಗಳಿವೆ. ಹಳದಿಯದು ಕೈಗೇ ಹಾರುತ್ತದೆ. ಬೂದಿ ಬಣ್ಣದ್ದು ಬೆನ್ನು ಗೂನು ಮಾಡಿಕೊಂಡು ಕೂತಲ್ಲೇ ಕೂತಿದೆ.

"ಕೂಗುವ ಮರಿ ಬಗ್ಗೆ ನನಗೆ ಹೆದರಿಕೆ ಇಲ್ಲ. ಹೀಗೆ ಸುಮ್ಮನೆ ಕೂತದ್ದನ್ನು ನೋಡ್ಬೇಕು" ಎನ್ನುತ್ತಾರೆ ಅಪ್ಪಿ. ಕಿವಿ ಮುಟ್ಟಿ ನೋಡುತ್ತಾರೆ, ತಣ್ಣಗಿದೆ. ತುಟಿ ಎತ್ತಿ ನೋಡುತ್ತಾರೆ, ಒಸಡು ಬಿಳಿಚಿದೆ. ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಅರ್ಧಕ್ಕೆ ಬಂದಿದೆ. ಮೈಯ ರೋಮವೆಲ್ಲ ಕೆದರಿದೆ. "ನೆಕ್ಕಿಕೊಳ್ಳುವುದು ಬಿಟ್ಟಿದೆ ನೋಡಿ. ನಿನ್ನೆ ಸಂಜೆ ಸರಿ ಇತ್ತು ಮಾರಾಯ್ರೆ."

ಅಪ್ಪಿಯ ಗಂಡ ತುಕ್ರ ಇದೇ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಜ್ವರದಲ್ಲಿ ಅವರು ತೀರಿಕೊಂಡ ಮೇಲೆ ಅಪ್ಪಿ ಅತ್ತಾವರದಿಂದ ದಿನಾ ನಡೆದು ಬಂದು ಗುಡಿಸತೊಡಗಿದರು. ಬೆಕ್ಕು ನೋಡಿಕೊಳ್ಳಲು ಅವರನ್ನು ಯಾರೂ ನೇಮಿಸಿಲ್ಲ. ಇಲಿ ಕಡಿಮೆಯಾದರೆ ಯಜಮಾನರು ಬೆಕ್ಕನ್ನು ಹೊಗಳುತ್ತಾರೆ, ಅಪ್ಪಿಯನ್ನಲ್ಲ. ಸರಕು ಹೊತ್ತು ಹೋಗುವ ಹಾಯಿ ಹಡಗುಗಳಿಗೆ, ಅಂದರೆ ಮಂಜಿಗಳಿಗೆ, ಬೆಕ್ಕು ಹೋಗುವುದೂ ಅಪ್ಪಿಯ ಕೈಯಿಂದಲೇ. ಎಷ್ಟು ಮರಿ ಬದುಕಿಸಿದ್ದೀರಿ ಎಂದು ಕೇಳಿದರೆ ನಗುತ್ತಾರೆ. "ಲೆಕ್ಕ ಯಾರು ಇಟ್ಟಿದ್ದಾರೆ? ಸತ್ತದ್ದು ನೆನಪುಂಟು. ಮರಿ ಸಾಯುವಾಗ ಗಲಾಟೆ ಮಾಡುವುದಿಲ್ಲ, ಅದೇ ಕಷ್ಟ."

ಇವತ್ತು ಮರಿ ಕೊಡಬೇಕಾದ ದಿನ. ಮಳೆಗಾಲಕ್ಕೆ ಮುಂಚಿನ ಕೊನೆಯ ಮಂಜಿ ಕಲ್ಲಿಕೋಟೆಗೆ ಹೊರಟಿದೆ. ಕಳೆದ ಸಲ ಅದು ಬೆಕ್ಕಿಲ್ಲದೆ ಹೋದಾಗ ಇಲಿಗಳು ಮೂಟೆಯ ಜೊತೆಗೆ ಹಾಯಿಯನ್ನೂ ತಿಂದಿದ್ದವು. ಈ ಸಲ ಬೂದಿ ಮರಿ ಮಂಜಿಗೆ ಎಂದು ಅಪ್ಪಿ ಮಾತು ಕೊಟ್ಟಾಗಿದೆ. ಹಳದಿಯದು ಅವರ ಮನೆಗೆ. ಮನೆಯ ಬೆಕ್ಕು ಸತ್ತ ಮೇಲೆ ಅವರು ಬೇರೊಂದನ್ನು ಸಾಕಿಲ್ಲ. ಇದಕ್ಕೆ ಮುದ್ದು ಎಂದು ಹೆಸರೂ ಇಟ್ಟಿದ್ದಾರೆ, ಭಾನುವಾರ ಕೊಂಡೊಯ್ಯುವವರಿದ್ದಾರೆ.

ಮಂಜಿ ನಡೆಸುವ ತಂಡೇಲ ಇದಿನಬ್ಬ ಬರುತ್ತಾರೆ. ಹಡಗು ನಡೆಸುವವರಿಗೆ ಬೆಕ್ಕನ್ನು ಆರಿಸುವ ಪದ್ಧತಿಯೊಂದಿದೆ. ಕುತ್ತಿಗೆಯ ಹಿಂದಿನ ಚರ್ಮ ಹಿಡಿದು ಎತ್ತಿದಾಗ ಮರಿ ಹಿಂಗಾಲು ಮಡಚಿದರೆ ಗಟ್ಟಿ, ಜೋತುಬಿಟ್ಟರೆ ದಂಡ. ಇದಿನಬ್ಬ ಬೂದಿ ಮರಿಯನ್ನು ಎತ್ತುತ್ತಾರೆ. ಅದು ಒಂದು ಕಾಲು ಮಡಚುತ್ತದೆ. ಇನ್ನೊಂದು ನೇತಾಡುತ್ತದೆ.

"ಸಾಕು ಅಪ್ಪಿಯಕ್ಕ, ಗುರುಗುಡ್ತಾ ಉಂಟಲ್ಲ. ಇದಕ್ಕೆ ಎಂತ ಆಗಿದೆ? ಕಡಲ ಗಾಳಿಗೆ ಸರಿಯಾಗ್ತದೆ."

"ನೋವಾದ್ರೂ ಗುರುಗುಡ್ತದೆ ತಂಡೇಲರೇ. ಕೆಳಗೆ ಇಡಿ, ಮೆಲ್ಲ." ಅಪ್ಪಿ ಅದರ ಸೊಂಟದ ಹತ್ತಿರ ಬೆರಳಿಡುತ್ತಾರೆ. ಮರಿ ಬಾಯಿ ತೆರೆಯುತ್ತದೆ, ಸ್ವರ ಬರುವುದಿಲ್ಲ. "ಮೂಟೆ ಜರಿದು ಪೆಟ್ಟಾಗಿರ್ಬೇಕು. ಮಂಜಿ ಅಲುಗಾಡುವುದಕ್ಕೆ ಇದು ಉಳಿಯುವುದಿಲ್ಲ."

ಇದಿನಬ್ಬ ಇದನ್ನೇ ಒಯ್ಯಲು ಸಿದ್ಧರಿದ್ದಾರೆ. ಬೇರೆ ಮರಿ ಬೇಕೆಂದು ಅವರು ಕೇಳುವುದೂ ಇಲ್ಲ. ಅಪ್ಪಿ ಬೂದಿ ಮರಿಯನ್ನು ಗೋಣಿಯೊಳಗೆ ಸರಿಸುತ್ತಾರೆ. ಆಮೇಲೆ ಹಳದಿ ಮರಿಯನ್ನು ಎತ್ತಿ ಅವರ ಕೈಗೆ ಕೊಡುತ್ತಾರೆ. ಅದು ಎರಡೂ ಕಾಲು ಮಡಚಿ ಅವರ ಮುಂಗೈಯನ್ನು ಪರಚುತ್ತದೆ.

"ಅಬ್ಬಾ! ಇದು ನಿಮ್ಮ ಮನೆಯದ್ದಲ್ವಾ?"

"ಹೌದು. ಮುದ್ದು ಅಂತ ಹೆಸರು, ಕರೆದ್ರೆ ಬರ್ತದೆ. ಮೀನಿನ ಮುಳ್ಳು ತೆಗೆದು ಕೊಡಿ."

ಇದಿನಬ್ಬ ಹೋದ ಮೇಲೆ ಅಪ್ಪಿ ಬೂದಿ ಮರಿಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬುಟ್ಟಿಯಲ್ಲಿ ಮಲಗಿಸುತ್ತಾರೆ. ಕಾಲು ಎಳೆದು ನೆಟ್ಟಗೆ ಮಾಡಲು ಹೋಗುವುದಿಲ್ಲ. ಮೈ ಬೆಚ್ಚಗಾದ ಮೇಲಷ್ಟೇ ಬಟ್ಟೆ ಅದ್ದಿ ಒಂದೊಂದೇ ಹನಿ ಆಡಿನ ಹಾಲು ಬಾಯಿಗೆ ಬಿಡುತ್ತಾರೆ. ಮರಿ ನುಂಗುತ್ತದೆ. ಬದುಕುತ್ತದೆಯೇ ಎಂದು ಕೇಳುತ್ತೇನೆ. "ಹೇಳ್ಲಿಕ್ಕೆ ಆಗುವುದಿಲ್ಲ. ನುಂಗಿದ್ದು ಒಳ್ಳೆದು."

ಹೊರಗೆ ಮಂಜಿಯ ಹಾಯಿ ಏರುತ್ತಿದೆ. ಅಪ್ಪಿ ನೋಡಲು ಹೋಗುವುದಿಲ್ಲ, ಹಿಡಿಸೂಡಿ ಎತ್ತಿಕೊಳ್ಳುತ್ತಾರೆ. ಬೇಜಾರಾಯಿತೇ ಎಂದರೆ, "ಆಗದೆ ಮತ್ತೆ?" ಎನ್ನುತ್ತಾರೆ, ಗುಡಿಸುತ್ತಲೇ. ಇದಕ್ಕೆ ಬದಲು ನಿಮಗೇನು ಬೇಕು ಎಂದು ಕೇಳಿದ್ದಕ್ಕೆ ಕೈ ನಿಲ್ಲಿಸುತ್ತಾರೆ.

"ಚೌತಿ ಕಳೆದು ಮಂಜಿ ವಾಪಸು ಬರ್ತದಲ್ಲ, ಆಗ ತಂಡೇಲರು ಹಡಗಿನ ಮೇಲಿಂದಲೇ ಒಂದು ಸಲ ಕೂಗಿ ಹೇಳಲಿ, ಮುದ್ದು ಉಂಟು ಅಂತ. ಇಳಿಸಿ ತರುವುದು ಬೇಡ. ಅಷ್ಟರಲ್ಲಿ ಅದು ಅವರದ್ದಾಗಿರ್ತದೆ."