ಮೀನಿಗೆ ತೆಗೆದ ನೆದರು

ಗೊರೇಬಾಳದ ನಮ್ಮ ಅಂಗಳದಲ್ಲಿ ಮೊದಲು ಬಣ್ಣದ ಮೀನು ಸಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಸಿಂಧನೂರಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಗಪ್ಪಿ ಮೀನು ತಂದು, ದನ ನೀರು ಕುಡಿಯುತ್ತಿದ್ದ ಹಳೇ ಬಾನಿಗೆ ಬಿಟ್ಟಾಗ ಮನೆಯವರೆಲ್ಲ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮರುವರ್ಷ ಅವಳೂ ಅಂಗಳದ ಆಚೆ ಬದಿಗೆ ಸಿಮೆಂಟಿನ ತೊಟ್ಟಿ ಕಟ್ಟಿಸಿದಳು.

ಆಮೇಲೆ ಕೃಷಿ ವಿಶ್ವವಿದ್ಯಾಲಯದ ಮೇಡಂ ಒಬ್ಬರು ಬಂದರು. ಬಣ್ಣದ ಮೀನು, ನೀರಿನ ಗಿಡ ಬೆಳೆಸುವುದನ್ನು ಕಲಿಸಲು ಊರಲ್ಲಿ ಒಂದು ಮನೆಯನ್ನು ಮಾದರಿಗೆ ಆರಿಸುತ್ತೇವೆ ಎಂದವರು ಅವಳದನ್ನೇ ಆರಿಸಿದರು. ಅವಳ ತೊಟ್ಟಿ ರಸ್ತೆಗೆ ಕಾಣುತ್ತದೆ, ಅಷ್ಟೇ ಕಾರಣ. ಅವಳ ಗೋಡೆಗೆ ಹಸಿರು ಬೋರ್ಡು ಬಂತು, ಅದರ ಮೇಲೆ ಅವಳ ಹೆಸರು. ಮೇಡಂ ಆಗಾಗ ಬಂದು ನೀರು ಪರೀಕ್ಷಿಸಿ, ಗಿಡ ನೆಡುವುದನ್ನು ತೋರಿಸಿ, ಚಹಾ ಕುಡಿದು ಹೋಗುತ್ತಿದ್ದರು. ಚಹಾಕ್ಕೆ ಸಕ್ಕರೆ ಸಾಲದಿದ್ದರೆ ನೆಗೆಣ್ಣಿ ನನ್ನ ಬಾಗಿಲಿಗೇ ಬರುತ್ತಿದ್ದಳು. ಕೊಡುತ್ತಿದ್ದೆ. ಹೊಟ್ಟೆಯೊಳಗೆ ಮಾತ್ರ ಬೆಂಕಿ. ಮೇಡಂ ಅವಳಿಗೆ ಹೇಳಿದ್ದನ್ನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡು ನನ್ನ ಬಾನಿಯಲ್ಲಿ ಹಾಗೇ ಮಾಡುತ್ತಿದ್ದೆ. ನನ್ನ ಗಪ್ಪಿಗಳ ಬಾಲ ಅವಳವಕ್ಕಿಂತ ಅಗಲವಾಗಿತ್ತು. ನೋಡುವವರು ಮಾತ್ರ ಇರಲಿಲ್ಲ.

ಲಿಂಗಸುಗೂರು, ಮಸ್ಕಿ ಕಡೆಯ ರೈತರನ್ನು ಕರೆತಂದು ಅವಳ ಮೀನು ತೋರಿಸುವ ದಿನ ಗೊತ್ತಾಯಿತು. ಅವಳು ಒಳ್ಳೊಳ್ಳೆಯ ಮೀನು ಆರಿಸಿ, ತೋರಿಸಲೆಂದೇ ತಂದ ಗಾಜಿನ ತೊಟ್ಟಿಗೆ ಬಿಟ್ಟಳು. ಹಿಂದಿನ ಸಂಜೆ ನಾನು ಹೋಗಿ ನೋಡಿದೆ. ಬಹಳ ಹೊತ್ತು ನೋಡಿದೆ, ಸುಳ್ಳು ಹೇಳುವುದಿಲ್ಲ. "ಚಂದ ಅದಾವ," ಅಂದೆ. ಅವಳ ಮುಖ ಸಣ್ಣದಾಯಿತು.

ಬೆಳಿಗ್ಗೆ ಗಾಜಿನ ತೊಟ್ಟಿಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ನೆದರು ಬಿದ್ದೈತಿ," ಎಂದು ಅತ್ತೆ ನನ್ನನ್ನೇ ನೋಡಿದರು. ನನಗೂ ನಿಜವಾಗಿ ನನ್ನ ಕಣ್ಣಿನ ದೃಷ್ಟಿಯೇ ಕೊಂದಿತೇನೋ ಅನ್ನಿಸಿತು.

ರೈತರಿಗಿಂತ ಮೊದಲೇ ಬಂದ ಮೇಡಂ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ ಬಣ್ಣ ನೋಡಿದರು. "ಇದರಾಗ ಏನ್ ಹಾಕೀರಿ? ಸುಣ್ಣ ಏನರ ಬಿದ್ದೈತೇನು?"

ನೆಗೆಣ್ಣಿ ಸೆರಗಿನ ತುದಿ ತಿರುವುತ್ತಾ ಒಪ್ಪಿಕೊಂಡಳು. ಹಿಂದಿನ ಸಂಜೆ ನಾನು ಹೋದ ಮೇಲೆ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರಿನಿಂದ ಮೀನಿಗೆ ನೆದರು ತೆಗೆದಿದ್ದಳು. ಮಕ್ಕಳಿಗಾದರೆ ನೀವಾಳಿಸಿದ ಮೇಲೆ ಆ ನೀರಿನ ಬೊಟ್ಟು ಹಣೆಗಿಡುತ್ತೇವೆ.

"ಮೀನಿಗೆ ಹಣಿ ಎಲ್ಲೈತ್ರೀ? ಅದಕ್ಕ ತೊಟ್ಟಿಗೇ ಸುರುವಿದೆ," ಅಂದಳು.

ಬೇರೆ ದಿನವಾಗಿದ್ದರೆ ನಕ್ಕು ಸುಸ್ತಾಗುತ್ತಿದ್ದೆ. ಯಾರ ನೆದರೆಂದು ತೆಗೆದಳೋ ನನಗೆ ಗೊತ್ತಿತ್ತು.

ಅವಳ ಸಿಮೆಂಟಿನ ತೊಟ್ಟಿಯಲ್ಲಿ ಉಳಿದಿದ್ದ ಮೀನು ತೋರಿಸುವಂಥವಾಗಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿದರು. "ಅಕ್ಕಾರ, ನಿಮ್ಮ ಕಡೇನೂ ಮೀನ ಅದಾವಂತಲ್ರೀ, ಒಂದಿಷ್ಟು ಕೊಡ್ರಿ. ಅರ್ಧ ತಾಸಿನಾಗ ಗಾಡಿ ಬರತೈತಿ."

ಅವರು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ನನ್ನ ಮೀನು, ಅವಳ ಗಾಜು, ಅವಳ ಬೋರ್ಡಿನ ಕೆಳಗೆ. ಇಲ್ಲ ಅನ್ನಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಆದರೆ ಒಮ್ಮೆಯಾದರೂ ನಾಲ್ಕು ಜನ ಅವುಗಳನ್ನು ನೋಡಲಿ ಎಂಬ ಆಸೆ ಬಿಡಲಿಲ್ಲ. ನೆಗೆಣ್ಣಿಯೂ ನಾನೂ ಸೇರಿ ಗಾಜಿನ ತೊಟ್ಟಿ ತೊಳೆದೆವು. ನನ್ನ ಬಾನಿಯ ನೀರನ್ನೇ ತುಂಬಿ, ಬಾಲ ಅಗಲವಿದ್ದವನ್ನೇ ಆರಿಸಿ ಬಿಟ್ಟೆ. ಕೊಡುವುದಾದರೆ ಕಳಪೆಯದನ್ನು ಯಾಕೆ ಕೊಡಲಿ?

ರೈತರು ಸುತ್ತ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಗುರುಗುಂಟಾದ ಒಬ್ಬರು ಕುಕ್ಕರಗಾಲಲ್ಲಿ ಕೂತು ಎದ್ದೇಳಲೇ ಇಲ್ಲ. ನಾನು ಮೀನು ತಂದಿದ್ದ ಖಾಲಿ ಬಟ್ಟಲು ಹಿಡಿದು ಗೋಡೆಗೆ ಒರಗಿದ್ದೆ. ನನ್ನ ಮೀನಿನ ಮೇಲೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

"ಇಂಥಾ ಬಾಲ ನಾ ನೋಡೇ ಇಲ್ಲ ಬಿಡ್ರಿ. ಯಾರು ಸಾಕ್ಯಾರ ಇವನ್ನ?" ಎಂದು ಗುರುಗುಂಟಾದವರು ಕೇಳಿದರು.

ನೆಗೆಣ್ಣಿ ನನ್ನನ್ನು ನೋಡಿದಳು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ.

"ನಮ್ಮನಿಯವು ರೀ," ಅಂದಳು.

ಸುಳ್ಳೆಂದು ಜಗಳ ತೆಗೆಯುವಂತಿರಲಿಲ್ಲ. ಒಲೆ ಎರಡಾದರೂ ಅಂಗಳ ಒಂದೇ.

ನನ್ನ ಗಪ್ಪಿಗಳು ಮರಿ ಹಾಕಿ ಈಗಲೂ ಅವಳ ಗಾಜಿನಲ್ಲೇ ಇವೆ. ದಿನಾ ಹೋಗಿ ನೋಡುತ್ತೇನೆ. ಮೇಡಂ ಬೇಡ ಅಂದಿದ್ದಾರೆಂದು ಅವಳು ನೆದರು ತೆಗೆಯುವುದನ್ನು ಬಿಟ್ಟಿದ್ದಾಳೆ. ನಾನು ಮಾತ್ರ ಮೊದಲಿನ ಹಾಗೆಯೇ ನೋಡುತ್ತೇನೆ.