ರಕ್ತಕ್ಕೆ ಜಿಪುಣರಾದ ಡಾಕ್ಟರು

ರಕ್ತದ ವಿಷಯದಲ್ಲಿ ಅಣ್ಣಿಗೇರಿ ಡಾಕ್ಟರಷ್ಟು ಜಿಪುಣರನ್ನು ನಾನು ಕಂಡಿಲ್ಲ. ಶಸ್ತ್ರಚಿಕಿತ್ಸೆಯ ನಡುವೆ ಒದ್ದೆಯಾದ ಪ್ರತಿಯೊಂದು ಒರಸುಬಟ್ಟೆಯನ್ನೂ ದೀಪಕ್ಕೆ ಹಿಡಿದು ನೋಡಿ, ಹುಬ್ಬು ಗಂಟಿಕ್ಕಿ, ಆಮೇಲೆಯೇ ತಟ್ಟೆಗೆ ಹಾಕುತ್ತಿದ್ದರು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳ ಮನೆತನ ಅವರದು. ಚೀಲ ಬಿಚ್ಚುವಾಗ ಕಾಳು ಚೆಲ್ಲಿದರೆ ತಂದೆ ಕಪಾಳಕ್ಕೆ ಹೊಡೆಯುತ್ತಿದ್ದರಂತೆ. "ಆ ಏಟು ಇಲ್ಲಿ ಉಪಯೋಗಕ್ಕ ಬಂತು ನೋಡು," ಎಂದು ನಗುತ್ತಿದ್ದರು. ಗದಗಿನ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ರಕ್ತದ ಸಂಗ್ರಹವಿರಲಿಲ್ಲ. ಬೇಕೆಂದರೆ ಹುಬ್ಬಳ್ಳಿಗೆ ಮೋಟಾರು ಕಳಿಸಬೇಕು, ಇಲ್ಲವೇ ರೋಗಿಯ ಬಂಧುಗಳನ್ನು ಬೇಡಬೇಕು. ಬೇಡುವಷ್ಟರಲ್ಲಿ ಬಂಧುಗಳೆಲ್ಲ ಚಹಾ ಕುಡಿಯಲು ಹೋಗಿರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅವರ ಸಹಾಯಕನಾಗಿ ಸೇರಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವನು ನಾನು. ಸತ್ಯವನ್ನು ಕ್ರಮವಾಗಿ ಮಂಡಿಸಿದರೆ ಜಗತ್ತು ಒಪ್ಪಲೇಬೇಕೆಂದು ನಂಬಿದ್ದವನು. ಅಂದು ನನ್ನ ಮನಸ್ಸನ್ನು ಆವರಿಸಿದ್ದ ಸತ್ಯ ಇದು: ಶಸ್ತ್ರಚಿಕಿತ್ಸೆಯಾದವರು ಅಲುಗದೆ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಎದ್ದು ನಿಂತ ಮನುಷ್ಯ ನಿಂತಲ್ಲೇ ಹೋಗುತ್ತಾನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭಿಸಿ, ಸಣ್ಣ ಪ್ರಮಾಣದಲ್ಲಿ ಕೆಲವು ದಿನ ಹೊಟ್ಟೆಯ ಚರ್ಮದಡಿ ಚುಚ್ಚಿದರೆ ಇಂಥ ಸಾವು ಕಡಿಮೆಯಾಗುತ್ತದೆಂದು ವಿದೇಶದ ದೊಡ್ಡ ಪ್ರಯೋಗಗಳು ತೋರಿಸಿದ್ದವು. ನಮ್ಮ ವಾರ್ಡಿನಲ್ಲಾದರೋ, ಹೊಲಿಗೆ ಬಿಚ್ಚೀತೆಂದು ಬಂಧುಗಳು ಮಂಚದ ಎರಡೂ ಬದಿಗೆ ಕುಳಿತು, ರೋಗಿ ಕಾಲು ಸರಿಸಿದರೂ ಅಮುಕಿ ಹಿಡಿಯುತ್ತಿದ್ದರು. ಅದೇ ಅವರು ಮಾಡುವ ಸೇವೆ.

ಡಾಕ್ಟರ ಮುಂದೆ ಆಕ್ಷೇಪಗಳನ್ನು ನಾನೇ ಎತ್ತಿ, ನಾನೇ ಖಂಡಿಸಿ ವಾದಿಸಿದೆ. ಡಾಕ್ಟರು ಕೈ ತೊಳೆಯುತ್ತಲೇ ಕೇಳಿ, "ಮುಗೀತೇನು? ಚಪ್ಪಾಳಿ ಹೊಡೀಲೇನು?" ಎಂದರು. ಆಮೇಲೆ ದನಿ ತಗ್ಗಿತು. "ನೀ ಹೇಳೂದು ಖರೆ ಐತಿ, ತಮ್ಮಾ. ಆದ್ರ ಹೆಪ್ಪಿನಿಂದ ಸತ್ರ ದೇವರು ಕರಕೊಂಡ ಅಂತಾರ. ರಕ್ತ ಸೋರಿ ಸತ್ರ ಅಣ್ಣಿಗೇರಿ ಕೊಂದ ಅಂತಾರ."

ಯಾವ ಪ್ರಯೋಗದ ವರದಿಯಲ್ಲೂ ಈ ಮಾತಿಗೆ ಉತ್ತರವಿರಲಿಲ್ಲ.

ಆ ಉತ್ತರ ಬಂದದ್ದು ಹೊಂಬಳದ ನೀಲವ್ವನಿಂದ. ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಗಿ, ಮನೆಗೆ ಹೊರಡುವ ಬೆಳಿಗ್ಗೆ ಆಕೆ ಹೊಸ ಸೀರೆಯುಟ್ಟು ಎದ್ದು ನಿಂತಳು. ಎದೆ ಹಿಡಿದಂತಾಗುತ್ತದೆ ಎಂದಳು, ಕುಸಿದಳು. ಏನು ಮಾಡಿದರೂ ಉಳಿಯಲಿಲ್ಲ. ಗಂಡ ಅತ್ತು ಅತ್ತು ಸುಮ್ಮನಾದ ಮೇಲೆ ಡಾಕ್ಟರ ಕಾಲು ಮುಟ್ಟಿ, "ನೀವು ಛಲೋ ಮಾಡಿದ್ರಿ ಸಾಹೇಬ್ರ. ಆಕಿ ಆಯುಷ್ಯ ಅಷ್ಟ ಇತ್ತು," ಎಂದ. ಡಾಕ್ಟರು ಕಾಲು ಹಿಂದೆಳೆದುಕೊಂಡ ರೀತಿ ಇಂದಿಗೂ ನನ್ನ ಕಣ್ಣಮುಂದಿದೆ. ಕೋಣೆಗೆ ಬಂದು ಬಾಗಿಲು ಹಾಕಿದರು. "ಬೈದಿದ್ರ ತಡ್ಕೋತಿದ್ದೆ," ಎಂದರು. "ನಾಳಿಂದ ಹಾಕು ನಿನ್ನ ಸೂಜಿ."

ಹಾಕಿದೆವು. ಹೊರಗಿನ ಯಾವ ಔಷಧವನ್ನೂ ಕೊಡಕೂಡದೆಂದು ಬಂಧುಗಳಿಗೆ ಎಚ್ಚರಿಸಿಯೂ ಇದ್ದೆವು. ಆದರೆ ನಮ್ಮ ಕಡೆ ತಲೆನೋವಿನ ಗುಳಿಗೆಯನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ಅದು ಬೀಡಿ, ಬೆಂಕಿಪೊಟ್ಟಣಗಳಂತೆ ಕಿರಾಣಿ ಅಂಗಡಿಯ ಸಾಮಾನು. ಅಂಡವಾಯು ಶಸ್ತ್ರಚಿಕಿತ್ಸೆಗೆ ಬಂದಿದ್ದ ಮುಂಡರಗಿಯ ಬಸ್ ಡ್ರೈವರ್ ಫಕೀರಪ್ಪನಿಗೆ ಅವನ ಅಣ್ಣ ಪ್ರೀತಿಯಿಂದ ಆ ಗುಳಿಗೆಗಳನ್ನು ನುಂಗಿಸುತ್ತಲೇ ಇದ್ದ. ಆ ಗುಳಿಗೆಯೂ ರಕ್ತವನ್ನು ಹೆಪ್ಪುಗಟ್ಟಗೊಡುವುದಿಲ್ಲ. ಎರಡೂ ಕೂಡಿ ಗಾಯ ಊದಿತು, ಬಟ್ಟೆ ತೊಯ್ದಿತು. ಡಾಕ್ಟರು ಮತ್ತೆ ಗಾಯ ಬಿಚ್ಚಿ, ಜಿನುಗುವ ಒಂದೊಂದು ಬಾಯನ್ನೂ ಹುಡುಕಿ ಕಟ್ಟಿ ಅವನನ್ನು ಉಳಿಸಿದರು. ಹೊರಗೆ ಬಂದು, ತಪ್ಪು ತಮ್ಮದೇ ಎಂದರು, ಅಣ್ಣನ ಹೆಸರೆತ್ತಲಿಲ್ಲ.

ಆದರೆ ಫಕೀರಪ್ಪ ಡ್ರೈವರ್. ಸುದ್ದಿ ಅವನ ಬಸ್ಸಿನಲ್ಲಿಯೇ ಮುಂಡರಗಿ, ಶಿರಹಟ್ಟಿಗಳನ್ನು ತಲುಪಿತು: ಗದಗಿನ ದವಾಖಾನೆಯಲ್ಲಿ ರಕ್ತ ನೀರು ಮಾಡುವ ಸೂಜಿ ಚುಚ್ಚುತ್ತಾರೆ. ರೋಗಿಗಳು ಕಡಿಮೆಯಾದರು. ಟ್ರಸ್ಟಿನವರು ಸೂಜಿಯನ್ನು ನಿಷೇಧಿಸಿದರು. ನಾನು ರಾಜೀನಾಮೆ ಕೊಡುವೆನೆಂದೆ. "ಕೊಟ್ಟು ಎಲ್ಲಿ ಹೋಗ್ತಿ? ಅಲ್ಲೂ ಮಂದೀನ ಇರ್ತಾರಲೇ," ಎಂದರು ಡಾಕ್ಟರು.

ಅನಂತರದ ವರ್ಷಗಳು ಮುಚ್ಚಿದ ಕೋಣೆಯಂತಿದ್ದವು. ಮನೆಗೆ ಹೊರಟ ಪ್ರತಿ ರೋಗಿಯೂ ಎದ್ದು ನಿಲ್ಲುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಡಾಕ್ಟರು ಮಾತ್ರ ಉಳಿದ ಒಂದೇ ಕಿಂಡಿಯನ್ನು ಹಿಡಿದರು: ನಡಿಗೆ. ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿಯ ಕೈಹಿಡಿದು ಎಬ್ಬಿಸುತ್ತಿದ್ದರು. ಬಂಧುಗಳು ಹೌಹಾರಿದರೆ, "ಹೊಲಿಗಿ ನಂದು, ಬಿಚ್ಚಿದ್ರ ಮತ್ತ ಹೊಲಿತೀನಿ. ಕಾಲು ಅವಂದು, ಅವನ ಎತ್ತಬೇಕು," ಎನ್ನುವರು. ಇದು ಅರ್ಧ ಉಪಾಯವೆಂದು ನಾನು ಒಮ್ಮೆ ಗೊಣಗಿದಾಗ, ಇನ್ನರ್ಧ ತಮ್ಮ ತಲೆಯಲ್ಲೂ ಇದೆ ಎಂದಷ್ಟೇ ಹೇಳಿದರು.

ಎಂಬತ್ತರ ದಶಕದ ನಡುವೆ ಅವರ ಹೊಟ್ಟೆಯಲ್ಲೇ ಗಂಟು ಕಾಣಿಸಿತು. ಅನ್ನ ಇಳಿಯದಾಯಿತು. ಹುಬ್ಬಳ್ಳಿಗೆ ಹೋಗಿರೆಂದೆವು, ಒಪ್ಪಲಿಲ್ಲ. ಸಾಮಾನ್ಯ ವಾರ್ಡಿನಲ್ಲೇ ಮಂಚ ಹಾಕಿಸಿಕೊಂಡು, ರೋಗಿಗಳೂ ಬಂಧುಗಳೂ, ನೋಡಲು ಬಂದಿದ್ದ ಫಕೀರಪ್ಪನೂ ಕೇಳುವಂತೆ ಹೇಳಿದರು: "ನನಗ ಗಂಟಾಗೇತಿ. ಇವತ್ತಲ್ಲ ನಾಳೆ ಅದು ನನ್ನ ಒಯ್ತೈತಿ. ಈಗ ಈ ಸೂಜಿ ಹಾಕಸ್ಕೋತೀನಿ, ಎಲ್ಲಾರೂ ನೋಡ್ರಿ. ನಾ ಹ್ವಾದ ಮ್ಯಾಲ ಗಂಟಿನಿಂದ ಹ್ವಾದ ಅನ್ರಿ, ಸೂಜಿ ಮ್ಯಾಲ ಹಾಕಬ್ಯಾಡ್ರಿ." ನಿಷೇಧವನ್ನು ನೆನಪಿಸಲು ಬಂದ ಟ್ರಸ್ಟಿನ ಹಿರಿಯರನ್ನು, ತಮ್ಮ ಮೈಗೆ ಚುಚ್ಚಿಸಿಕೊಳ್ಳಲೂ ಅಪ್ಪಣೆ ಬೇಕೇ ಎಂದು ಕೇಳಿದರು. ಅವರು ತಲೆತಗ್ಗಿಸಿ, ಇನ್ನು ಮುಂದೆ ಕೇಳಿದವರಿಗೆ ಹಾಕಬಹುದೆಂದರು.

ಶಸ್ತ್ರಚಿಕಿತ್ಸೆ ಮಾಡಿದವನು ನಾನು. ಪ್ರತಿಯೊಂದು ಒರಸುಬಟ್ಟೆಯನ್ನೂ ದೀಪಕ್ಕೆ ಹಿಡಿದು ನೋಡಿದೆ. ಗಂಟು ತೆಗೆಯುವಂತಿರಲಿಲ್ಲ, ಅನ್ನಕ್ಕೆ ಬೇರೆ ದಾರಿ ಮಾಡಿ ಹೊಲಿದೆ. ಮರುದಿನ ಎದ್ದು ನಡೆದರು. ಲಕ್ಷ್ಮೇಶ್ವರದ ಮನೆಗೆ ಹೊರಡುವ ದಿನ ಗಾಲಿಕುರ್ಚಿ ತಂದಾಗ, "ತಗೀ ಅದನ್ನ, ಮಂದಿ ನೋಡಾಕತ್ತಾರ," ಎಂದು ಬೈದು, ವಾರ್ಡಿನ ಉದ್ದಕ್ಕೂ ಗೋಡೆ ಮುಟ್ಟದೆ ನಡೆದು ಹೋದರು. ಒಬ್ಬ ರೋಗಿ ನಡೆದದ್ದು ಯಾವ ವಾದಕ್ಕೂ ಪುರಾವೆಯಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆದರೂ ಯಾರೂ ಸೂಜಿ ಕೇಳಲಿಲ್ಲ. ಡಾಕ್ಟರಿಗೆ ಏನಾಗುತ್ತದೋ ನೋಡೋಣವೆಂದು ಎಲ್ಲರೂ ಕಾಯುತ್ತಿದ್ದರು. ಅವರಿಗೆ ಏನಾಗುವುದೆಂದು ನನಗೆ ತಿಳಿದಿತ್ತು.

ಕೆಲವು ತಿಂಗಳ ಮೇಲೆ ಬಿಂಕದಕಟ್ಟಿಯ ರೈತನೊಬ್ಬನ ಮಂಚದ ಬಳಿ ನಿಂತು, ಮರುದಿನದ ಶಸ್ತ್ರಚಿಕಿತ್ಸೆಗೆ ಮೊದಲು ಈ ಸೂಜಿ ಏಕೆ ಬೇಕೆಂದು ಅವನ ಹೆಂಡತಿಗೆ ವಿವರಿಸುತ್ತಿದ್ದೆ. ಬಾಗಿಲಲ್ಲಿ ಖಾಕಿ ಅಂಗಿಯ ಫಕೀರಪ್ಪ ನಿಂತಿದ್ದ. ಲಕ್ಷ್ಮೇಶ್ವರದ ಪಾಳಿ ಮುಗಿಸಿ ನೇರ ಬಂದಿದ್ದ.

"ದೊಡ್ಡ ಡಾಕ್ಟ್ರು ಹ್ವಾದ್ರು," ಎಂದ.

ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಸೂಜಿಯ ಮೇಲಿತ್ತು. ಮಾತೇ ನನ್ನ ಆಸ್ತಿಯೆಂದುಕೊಂಡಿದ್ದ ನಾನು ಸೂಜಿಯನ್ನು ತಟ್ಟೆಗಿಡಲು ಹೋದೆ.

ಫಕೀರಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ಗಂಟಿನಿಂದ ಹ್ವಾದ್ರು. ಬಸ್ಸಿನ ಮಂದಿಗೆಲ್ಲಾ ಹಂಗ ಹೇಳಿ ಬಂದೇನ್ರಿ."

ಹೆಂಗಸು ಅವನನ್ನೂ ನನ್ನನ್ನೂ ನೋಡಿದಳು. ಆಮೇಲೆ ಗಂಡನ ಮೇಲಿನ ಕೌದಿಯನ್ನು ಸರಿಸಿದಳು.