ತಳದಲ್ಲಿ ಒಂದು ಹುಣಸೆ ಬೀಜ

ನನ್ನ ವಿದ್ಯೆ ನೂರರ ಹತ್ತಿರ ನಿಂತುಬಿಟ್ಟಿದೆ. ಜೊತೆಗೆ ಓದಿದವರು ಸಾವಿರ, ಲಕ್ಷದ ಮಾತಾಡುತ್ತಾರೆ. ನಾನು ಪ್ರತಿ ವರ್ಷ ಒಂದರಿಂದ ಹೊರಟು ಏದುಸಿರು ಬಿಡುತ್ತ ನೂರನ್ನು ಮುಟ್ಟುತ್ತೇನೆ. ಅಷ್ಟರಲ್ಲಿ ಬೇಸಿಗೆ ರಜೆ ಬರುತ್ತದೆ, ಮುಗಿದೊಡನೆ ಮತ್ತೆ ಒಂದು. ಪುಣೆಯ ಸದಾಶಿವ ಪೇಠೆಯ ಮರಾಠಿ ಶಾಲೆಯೊಂದರಲ್ಲಿ ನಾನು ಬಿಗರಿ ಮಾಸ್ತರ, ಎಂದರೆ ಒಂದನೆಯ ತರಗತಿಗೂ ಕೆಳಗಿನ ಪುಟ್ಟ ಮಕ್ಕಳ ಮಾಸ್ತರ. ಬೆಳಗಾವಿಯ ನಂಟರಿಗೆ ಪುಣೆಯಲ್ಲಿ ಮಾಸ್ತರನೆಂದಷ್ಟೇ ಹೇಳಿದ್ದೇನೆ. ಬಿಗರಿಯನ್ನು ನುಂಗಿಕೊಂಡಿದ್ದೇನೆ.

ಲೆಕ್ಕವನ್ನು ಮಕ್ಕಳ ಕೈಗೆ ಕೊಡಬೇಕು, ಬಾಯಿಗಲ್ಲ ಎಂದು ಟ್ರೇನಿಂಗಿನಲ್ಲಿ ಕಲಿಸಿದ್ದರು. ಕೈಗೆ ಕೊಟ್ಟದ್ದು ಬಾಯಿಗೇ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ. ಮೊದಲು ಪುಠಾಣಿ, ಎಂದರೆ ಹುರಿಗಡಲೆ, ಹಂಚಿದೆ. ಕೂಡಿಸುವ ಲೆಕ್ಕ ಶುರುವಾಗುವ ಮೊದಲೇ ಕಳೆಯುವ ಲೆಕ್ಕ ಮುಗಿದಿತ್ತು. ಕಸಬರಿಗೆಯ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ಕೊಟ್ಟೆ, ಅವು ಕತ್ತಿಗಳಾದವು. ಕೊನೆಗೆ ಹುಣಸೆ ಬೀಜಕ್ಕೆ ಬಂದು ನಿಂತೆ. ಅವನ್ನೂ ಕಿಸೆಗೆ ಹಾಕಿಕೊಂಡು ಹೋಗಿ ಮನೆಯಲ್ಲಿ ಹುರಿದು ತಿನ್ನುತ್ತಾರೆ. ಆದರೂ ಶಾಲೆ ಬಿಡುವವರೆಗೆ ಕೆಲವಾದರೂ ಉಳಿಯುತ್ತವೆ, ಅಷ್ಟು ಸಾಕು.

ಸೊನ್ನೆಯನ್ನು ಕಂಡುಹಿಡಿದವರು ನಾವೇ ಎಂದು ನಮ್ಮ ಪೇಠೆಯ ಕಟ್ಟೆಕಟ್ಟೆಯ ಮೇಲೂ ಸಂಜೆಗೊಮ್ಮೆ ಹೇಳಿಕೊಳ್ಳುತ್ತಾರೆ. ಕಂಡುಹಿಡಿದ ಮಹಾನುಭಾವರು ಅದನ್ನು ಐದು ವರ್ಷದವರಿಗೆ ಕಲಿಸಿದಂತೆ ಕಾಣೆ. ಇಲ್ಲದ್ದನ್ನು ಕೈಗೆ ಕೊಡುವುದು ಹೇಗೆ? ಇದ್ದದ್ದನ್ನೆಲ್ಲ ಕಸಿದುಕೊಂಡು ಖಾಲಿ ಅಂಗೈ ತೋರಿಸಬೇಕು. ಅಲ್ಲಿಗೆ ಅರ್ಧ ತರಗತಿ ಅಳುತ್ತದೆ.

ಗಂಗು ಅಳಲಿಲ್ಲ, ಒಪ್ಪಲೂ ಇಲ್ಲ. ಧಾರವಾಡದಿಂದ ಹೊಸದಾಗಿ ಬಂದ ಗುಮಾಸ್ತರೊಬ್ಬರ ಮಗಳು. ಇಡೀ ತರಗತಿಯಲ್ಲಿ ನಾನು ಕನ್ನಡ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆ. ಐದು ಬೀಜದಲ್ಲಿ ಎರಡು ತೆಗೆದರೆ ಮೂರು ಎನ್ನುವಳು, ನಾಲ್ಕು ತೆಗೆದರೆ ಒಂದು ಎನ್ನುವಳು. ಐದೂ ತೆಗೆ ಎಂದರೆ ನಾಲ್ಕೇ ತೆಗೆದು, ಆಗಲೂ ಒಂದು ಎನ್ನುವಳು. ತಿಂಗಳುಗಟ್ಟಲೆ ಇದೇ ಹಾಡು. ಈ ವರ್ಷ ಪಾಸಾಗದಿದ್ದರೆ ಅವಳ ಶಾಲೆ ಮುಗಿಯಿತೆಂದು ತಂದೆ ಹೇಳಿಬಿಟ್ಟಿದ್ದರು: "ಮನ್ಯಾಗ ಕೂಡಸ್ತೀನ್ರಿ ಮಾಸ್ತರ. ಹೆಣ್ಣ ಹುಡುಗಿಗೆ ಇಷ್ಟ ತ್ರಾಸ ಯಾಕ?" ಆ ಮಾತು ನನ್ನ ಎದೆಗೆ ನಾಟಿತ್ತು.

ಒಂದು ಸಂಜೆ ಸೋತು ಅವರ ಮನೆಗೇ ಹೋದೆ. ವಾಡೆಯ ಹಿಂದಿನ ಎರಡು ಕೋಣೆ. ನನಗೆ ಊಟಕ್ಕೆ ನಿಲ್ಲಲು ಹೇಳಿ ಗಂಗುವಿನ ತಾಯಿ ಅಕ್ಕಿ ಡಬ್ಬಿಯ ತಳ ಸವರಿದರು. ರೇಶನ್ನಿನ ಕಾಲ, ತಳ ಬೇಗ ಸಿಗುತ್ತಿತ್ತು. ಎಲ್ಲವನ್ನೂ ಮೊರಕ್ಕೆ ಸುರಿದವರು ಒಂದು ಹಿಡಿ ಮರಳಿ ಡಬ್ಬಿಗೆ ಹಾಕಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು ಮುಚ್ಚಳ ಮುಚ್ಚಿದರು. ನನ್ನ ತಾಯಿಯೂ ಹೀಗೇ ಮಾಡುತ್ತಿದ್ದಳು. ಡಬ್ಬಿ ಪೂರ್ತಿ ಬರಿದಾಗಬಾರದು. ಪಕ್ಕದಲ್ಲಿ ಗಂಗು ನಿಂತು ನೋಡುತ್ತಿದ್ದಳು. ನನ್ನ ತಲೆಗೆ ಆಗ ಬೆಳಕು ಬಿತ್ತು.

ಮರುದಿನ ಅವಳಿಗೆ ಇದು ಅಕ್ಕಿಯಲ್ಲ, ಬರೀ ಬೀಜ ಎಂದು ವಿವರಿಸಿದೆ. ಅವಳು ನನ್ನನ್ನು ಕನಿಕರದಿಂದ ನೋಡಿ, "ಇದೂ ತಿನ್ನೂದಽ ಅಲ್ಲೇನ್ರಿ ಮಾಸ್ತರ?" ಎಂದಳು. ವಾದಿಸುವ ತ್ರಾಣ ನನಗಿರಲಿಲ್ಲ. ಅಂಗಳದಿಂದ ಹರಳುಕಲ್ಲು ಆರಿಸಿ ತಂದೆ. ಅವಳು ಐದು ಹರಳನ್ನೂ ತಿರುಗಿ ಕೊಟ್ಟು ಅಂಗೈ ಝಾಡಿಸಿ, ಏನೂ ಉಳಿದಿಲ್ಲ ಎಂದಳು. ಸೊನ್ನೆ ಅವಳಿಗೆ ಮೊದಲಿಂದಲೂ ಗೊತ್ತಿತ್ತು. ತಿನ್ನುವ ವಸ್ತುವಿನ ಮೇಲೆ ಅದನ್ನು ಹಾಕಲು ಮನಸ್ಸಿರಲಿಲ್ಲ, ಅಷ್ಟೆ.

ಪರೀಕ್ಷೆಯ ದಿನ ಶಾಲಾ ತಪಾಸಣೆಗೆ ಬಂದ ದಿಪೋಟಿ ಸಾಹೇಬರು ನಾನು ಮುಂದಿಟ್ಟ ಹರಳು ಬಿಟ್ಟು ಬಟ್ಟಲಿನ ಹುಣಸೆ ಬೀಜಕ್ಕೇ ಕೈ ಹಾಕಿದರು. ಗಂಗುವಿಗೆ ಐದು ಕೊಟ್ಟು, ಎಲ್ಲವನ್ನೂ ತಿರುಗಿ ಕೊಡು, ಎಷ್ಟು ಉಳಿಯಿತು ಹೇಳು ಎಂದು ಮರಾಠಿಯಲ್ಲಿ ಕೇಳಿದರು. ಅವಳು ನಾಲ್ಕು ಕೊಟ್ಟು ಮುಷ್ಟಿ ಮುಚ್ಚಿದಳು. ಸಾಹೇಬರ ಲೇಖನಿ ಮೇಲೆದ್ದಿತು. ದಿಪೋಟಿಯ ಎದುರು ಬಾಯಿ ತೆರೆಯದವನು ನಾನು, ಅಂದು ಹೇಗೋ ಕೈ ಮುಗಿದು, ಇದೊಂದು ಸಲ ಹರಳಿನಲ್ಲಿ ಕೇಳಬೇಕೆಂದು ಬೇಡಿಕೊಂಡೆ. ಮಧ್ಯಾಹ್ನದ ಸೆಕೆ, ಅವರಿಗೂ ದಣಿವು, ಕೇಳಿದರು. ಗಂಗು ಇನ್ನೊಂದು ಕೈಯಿಂದ ಹರಳನ್ನೆಲ್ಲ ತಿರುಗಿ ಕೊಟ್ಟು ಆ ಖಾಲಿ ಅಂಗೈ ತೋರಿಸಿದಳು. ಪಾಸಾದಳು.

ಅವರು ಹೋದ ಮೇಲೆ ನೋಡಿದರೆ ಬಟ್ಟಲು ಖಾಲಿ. ಗಲಾಟೆಯಲ್ಲಿ ಮಕ್ಕಳು ಬೀಜಗಳನ್ನೆಲ್ಲ ಕಿಸೆಗಿಳಿಸಿದ್ದರು. ನನಗೂ ಸಾಕಾಗಿತ್ತು. ಈ ವರ್ಷಕ್ಕೆ ನೌಕರಿಗೆ ಕೈ ಮುಗಿದುಬಿಡೋಣ, ಇನ್ನು ಒಂದರಿಂದ ಶುರುಮಾಡುವ ಶಕ್ತಿ ನನಗಿಲ್ಲ ಎಂದು ಕುರ್ಚಿಯಲ್ಲಿ ಕುಸಿದಿದ್ದೆ. ಗಂಗು ಬಂದು ಬೆವೆತ ಮುಷ್ಟಿ ಬಿಚ್ಚಿ, ಉಳಿಸಿಕೊಂಡಿದ್ದ ಬೀಜವನ್ನು ಬಟ್ಟಲಿಗೆ ಹಾಕಿದಳು.

"ಖಾಲಿ ಇಡಬಾರದ್ರಿ ಮಾಸ್ತರ," ಎಂದಳು. "ನಾಳೆ ಬೇಕಾಗ್ತದ."

ಬಿಗರಿ ಮಾಸ್ತರನ ತಾಳ್ಮೆ ದಿನಾ ಸಂಜೆ ಪೂರ್ತಿ ಮುಗಿದಿರುತ್ತದೆ. ಲೆಕ್ಕದ ಪ್ರಕಾರ ಸೊನ್ನೆ. ಬೆಳಿಗ್ಗೆ ಮಕ್ಕಳು ಬಂದು ಕೂತಾಗ ನೋಡಿದರೆ ತಳದಲ್ಲಿ ಒಂದು ಹಿಡಿ ಇರುತ್ತದೆ. ಯಾರು ಮರಳಿ ಹಾಕುತ್ತಾರೋ ನನಗೆ ತಿಳಿಯದು. ರಜೆ ಮುಗಿದ ದಿನ ಕರಿಹಲಗೆಯ ಮೇಲೆ ಮತ್ತೆ ಒಂದು ಎಂದು ಬರೆದೆ.